ಗಾಲಿಯ ನಟ್ಟು ಮತ್ತು ಯಜಮಾನನ ಹೊಣೆ

(ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರಿಂದ)

ಗಾಡಿಯನ್ನು ಹೂಡುವ ಮೊದಲು ಕಡಾಣಿಯನ್ನು ನೋಡತಕ್ಕದ್ದೆಂಬುದು ನಮ್ಮ ಹಿರಿಯರು ಮಕ್ಕಳಿಗೆ ಕಲಿಸುತ್ತಿದ್ದ ಮೊದಲ ಪಾಠಗಳಲ್ಲಿ ಒಂದಾಗಿತ್ತು. ಎತ್ತುಗಳಿಗೆ ಮೇವಾಯಿತೆ, ಅಚ್ಚಿಗೆ ಕೀಲೆಣ್ಣೆಯಾಯಿತೆ, ಕಡಾಣಿಯು ತನ್ನ ಸ್ಥಾನದಲ್ಲಿದೆಯೆ ಎಂಬ ಈ ಮೂರನ್ನು ವಿಚಾರಿಸದೆ ತಿಳಿವಳಿಕೆಯುಳ್ಳ ಯಾವ ಯಜಮಾನನೂ ತನ್ನ ಗಾಡಿಯು ಊರಬಾಗಿಲನ್ನು ದಾಟಲು ಬಿಡುತ್ತಿರಲಿಲ್ಲ. ಕಡಾಣಿಯಾದರೋ ಗೇಣುದ್ದವೂ ಇಲ್ಲದ ಕಬ್ಬಿಣದ ತುಂಡು. ಅದರ ಬೆಲೆಯು ಅತ್ಯಲ್ಪ. ಆದರೆ ಅದು ಕಳಚಿದರೆ ಗಾಲಿಯು ಕಳಚುವುದೆಂದೂ, ಗಾಲಿಯು ಕಳಚಿದರೆ ಹೇರು ಮಗುಚಿ ಎತ್ತಿಗೂ ಆಳಿಗೂ ಅಪಾಯ ಒದಗುವುದೆಂದೂ ಅವರು ಕಣ್ಣಾರೆ ಕಂಡು ತಿಳಿದವರಾಗಿದ್ದರು. ಆದುದರಿಂದಲೇ ಆ ಸಣ್ಣ ತುಂಡಿಗೆ ಅವರು ಅಷ್ಟು ಮರ್ಯಾದೆಯನ್ನು ಕೊಟ್ಟಿದ್ದರು.

ಈಗ ಎತ್ತಿನ ಗಾಡಿಯ ಕೆಲಸದ ಬಹುಭಾಗವನ್ನು ಟ್ರ್ಯಾಕ್ಟರೂ ಅದರ ಹಿಂದಿನ ಟ್ರೇಲರೂ ವಹಿಸಿಕೊಂಡಿರುವುವು. ಕಡಾಣಿಯ ಸ್ಥಾನಕ್ಕೆ ಐದು, ಆರು ಅಥವಾ ಎಂಟು ನಟ್ಟುಗಳು ಬಂದಿರುವುವು. ಆದರೆ ಕಡಾಣಿಯನ್ನು ನೋಡುವ ಅಭ್ಯಾಸವು ಹೋದಂತೆ, ನಟ್ಟನ್ನು ನೋಡುವ ಅಭ್ಯಾಸವು ಅದರ ಸ್ಥಾನಕ್ಕೆ ಬರಲಿಲ್ಲ. ಅದು ಡ್ರೈವರನ ಕೆಲಸವೆಂದು ಯಜಮಾನನೂ, ಅದು ಪಂಕ್ಚರ್ ಅಂಗಡಿಯವನ ಕೆಲಸವೆಂದು ಡ್ರೈವರನೂ, ತಾನು ಬಿಗಿದು ಕಳುಹಿಸಿದ ಮೇಲೆ ತನ್ನ ಕೆಲಸ ತೀರಿತೆಂದು ಅಂಗಡಿಯವನೂ ತಿಳಿದಿರುವರು. ಹೀಗೆ ಮೂವರ ಕೆಲಸವಾದುದು ಯಾರ ಕೆಲಸವೂ ಆಗದೆ ಉಳಿದಿರುವುದು. ನಟ್ಟನ್ನು ಬಿಗಿಯುವ ಕೈ ಯಾರದೇ ಆಗಿರಲಿ, ಅದು ಸರಿಯಾಗಿ ಬಿಗಿದಿದೆಯೆ ಎಂಬುದರ ಹೊಣೆಯು ವಾಹನದ ಯಜಮಾನನದು ಎಂಬುದೇ ಈ ಲೇಖನದ ಅಭಿಪ್ರಾಯವು. ಗ್ರಾಮದ ಮುಖಂಡರೂ ಜಮೀನುದಾರರೂ ಈ ಮಾತನ್ನು ತಾಳ್ಮೆಯಿಂದ ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇನೆ.

ಈ ಅಭಿಪ್ರಾಯವು ನನ್ನಲ್ಲಿ ನೆಲೆಗೊಂಡುದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ನಿವೇದಿಸುವೆನು. ಕೆಲವು ವರ್ಷಗಳ ಹಿಂದೆ ಕಬ್ಬು ಅರೆಯುವ ಕಾಲದಲ್ಲಿ ನಾನು ನಾಲೆಯ ಬಯಲಿನಲ್ಲಿ ಸರ್ಕೀಟು ಹೋಗಿದ್ದೆನು. ಸಂಜೆಯ ವೇಳೆ. ಏರಿಯ ಮೇಲಿನ ರಸ್ತೆಯಿಂದ ಊರಿನ ಕಡೆಗೆ ಇಳಿಯುತ್ತಿದ್ದ ಕಬ್ಬಿನ ಟ್ರೇಲರೊಂದರ ಎಡಗಡೆಯ ಗಾಲಿಯು ಒಮ್ಮೆಲೇ ಕಳಚಿ, ಟ್ರ್ಯಾಕ್ಟರಿಗಿಂತಲೂ ವೇಗವಾಗಿ ಮುಂದಕ್ಕೆ ಉರುಳಿ, ಇಳಿಜಾರಿನಲ್ಲಿ ಎರಡು ಬದುಗಳನ್ನು ಹಾರಿ, ಒಂದು ಮನೆಯ ಅಂಗಳದಲ್ಲಿ ಕಟ್ಟಿದ್ದ ಹಸುವಿಗೆ ಬಡಿಯಿತು. ಹಸುವಿನ ಹಿಂಗಾಲು ಮುರಿಯಿತು. ಆ ಮನೆಯವರಿಗೆ ಇದ್ದುದು ಅದೊಂದೇ ಹಸು. ಹಾಲಿನ ಡೈರಿಗೆ ಹಾಕುತ್ತಿದ್ದ ಹಾಲಿನಿಂದಲೇ ಅವರ ಸಂತೆಯ ಖರ್ಚು ನಡೆಯುತ್ತಿದ್ದಿತು. ಆ ಹಸುವಿನ ಪಕ್ಕದಲ್ಲಿ ಕುಳಿತು ಪಾಠ ಓದುತ್ತಿದ್ದ ಹುಡುಗನನ್ನು ಅವನ ಅಜ್ಜಿಯು ಅದೇ ಆಗ ದೀಪ ಹಚ್ಚುವುದಕ್ಕೆಂದು ಒಳಕ್ಕೆ ಕರೆದಿದ್ದಳು. ಅವನು ಎದ್ದುಹೋದ ಚಾಪೆಯು ಗಾಲಿಯ ಕೆಳಗೆ ಸಿಕ್ಕಿ ಹರಿದಿದ್ದುದನ್ನು ನಾನು ಕಂಡೆನು.

ಜನರು ಕೂಡಿದರು. ಎಲ್ಲರೂ ಡ್ರೈವರನನ್ನು ಬೈದರು. ಟ್ರ್ಯಾಕ್ಟರಿನ ಯಜಮಾನನು ಮರುದಿನವೇ ಅವನನ್ನು ಕೆಲಸದಿಂದ ಬಿಡಿಸಿದನು. ನಾನು ಲಾಂದ್ರದ ಬೆಳಕಿನಲ್ಲಿ ಆ ಗಾಲಿಯನ್ನೂ ಅಚ್ಚನ್ನೂ ನೋಡಿದೆನು. ಗಾಲಿಯ ಡಿಸ್ಕು ಹಬ್ಬಿಗೆ ತಾಗುವ ಮುಖದಲ್ಲಿ ಹೊಸದಾಗಿ ಬಳಿದ ದಪ್ಪ ಬಣ್ಣವೂ, ಅದರ ಮೇಲೆ ಒಣಗಿದ ಕೆಸರೂ ಇದ್ದಿತು. ಡಿಸ್ಕಿನ ರಂಧ್ರಗಳು ದುಂಡಗೆ ಇರದೆ ಹುಣಿಸೆಬೀಜದಂತೆ ಉದ್ದವಾಗಿದ್ದುವು. ಎರಡು ಸ್ಟಡ್ಡುಗಳು ಮುರಿದಿದ್ದುವು; ಆ ಮುರಿತಗಳಲ್ಲಿ ಒಂದು ಹೊಳೆಯುತ್ತಿದ್ದಿತು, ಇನ್ನೊಂದು ಕೆಂಪಗೆ ತುಕ್ಕು ಹಿಡಿದಿದ್ದಿತು. ಎಂದರೆ, ಒಂದು ಸ್ಟಡ್ಡು ಬಹಳ ದಿನಗಳ ಹಿಂದೆಯೇ ಮುರಿದು ಯಾರ ಗಮನಕ್ಕೂ ಬಾರದೆ ಇದ್ದಿತು. ಡ್ರೈವರನನ್ನು ಕೇಳಿದಾಗ ಅವನು ಹೇಳಿದುದಿಷ್ಟು: “ಬೆಳಿಗ್ಗೆ ಟೈರು ಬದಲಾಯಿಸಿದೆವು ಸ್ವಾಮಿ. ಮತ್ತೊಮ್ಮೆ ಬಿಗಿಯಬೇಕೆಂದು ನನಗೂ ಗೊತ್ತು. ಆದರೆ ಗಾಡಿಯಲ್ಲಿ ಸ್ಪ್ಯಾನರಿಲ್ಲ. ಸರದಿ ತಪ್ಪಿದರೆ ಕಬ್ಬು ಒಣಗುತ್ತದೆ, ಬೇಗ ಹೋಗು ಎಂದು ಯಜಮಾನರು ಅಂದರು.” ಅವನ ಮಾತನ್ನು ಕೇಳಿ ನನಗೂ ನಾಚಿಕೆಯಾಯಿತು. ಬೀಜ, ಗೊಬ್ಬರ, ಕೀಟಗಳ ವಿಷಯವಾಗಿ ಎಷ್ಟೋ ಗ್ರಾಮಗಳಲ್ಲಿ ಉಪನ್ಯಾಸ ಮಾಡಿದ ನಾನು ಗಾಲಿಯ ನಟ್ಟಿನ ವಿಷಯವನ್ನು ಒಂದು ಬಾರಿಯೂ ಎತ್ತಿರಲಿಲ್ಲ.

ಈ ವಿಷಯದಲ್ಲಿ ತಪ್ಪು ನಡೆಯುವುದು ಬಹುಮಟ್ಟಿಗೆ ತಿಳಿವಳಿಕೆಯ ಕೊರತೆಯಿಂದ. ನಟ್ಟು ಏನು ಮಾಡುತ್ತದೆಂಬುದನ್ನು ನಾವು ತಪ್ಪಾಗಿ ತಿಳಿದಿರುವೆವು. ಗಾಲಿಯು ಸ್ಟಡ್ಡುಗಳ ಮೇಲೆ ಮೊಳೆಗೆ ತೂಗುಹಾಕಿದ ಚೀಲದಂತೆ ನಿಂತಿದೆಯೆಂದೂ, ನಟ್ಟು ಅದು ಹೊರಗೆ ಬೀಳದಂತೆ ತಡೆಯುವುದೆಂದೂ ಸಾಮಾನ್ಯವಾದ ಭಾವನೆ. ಇದು ಕಡಾಣಿಗೆ ಸರಿಯಾದ ಮಾತು, ನಟ್ಟಿಗೆ ಸರಿಯಲ್ಲ. ಹುಲ್ಲಿನ ಹೇರಿಗೆ ಹಗ್ಗ ಬಿಗಿಯುವುದನ್ನು ನೆನೆಯಿರಿ. ಹಗ್ಗವು ಜಗ್ಗಿ ಬಿಗಿಯಾದಾಗ ಹುಲ್ಲಿನ ಕಂತೆಗಳು ಒಂದಕ್ಕೊಂದು ಒತ್ತಿಕೊಂಡು ಜಾರದೆ ನಿಲ್ಲುವುವು. ಹೇರನ್ನು ಹಿಡಿದಿರುವುದು ಆ ಒತ್ತು. ಹಾಗೆಯೇ ನಟ್ಟನ್ನು ತಿರುಗಿಸಿದಾಗ ಉಕ್ಕಿನ ಸ್ಟಡ್ಡು ಕೂದಲೆಳೆಯಷ್ಟು ಉದ್ದಕ್ಕೆ ಜಗ್ಗುವುದು. ಜಗ್ಗಿದುದು ಹಿಂದಕ್ಕೆ ಸೆಳೆದು ಡಿಸ್ಕನ್ನು ಹಬ್ಬಿಗೆ ಅದುಮಿ ಹಿಡಿಯುವುದು. ಈ ಅದುಮಿನಿಂದ ಹುಟ್ಟುವ ಘರ್ಷಣೆಯೇ ಹೇರಿನ ಭಾರವನ್ನು ತಾಳುವುದು. ಅದುಮು ಸಾಲದೆ ಹೋದರೆ ಡಿಸ್ಕು ಹಬ್ಬಿನ ಮೇಲೆ ಸ್ವಲ್ಪಸ್ವಲ್ಪವಾಗಿ ಜಾರಲಾರಂಭಿಸುವುದು.

ಆ ಜಾರಾಟವೇ ನಟ್ಟಿನ ಶತ್ರುವು. ಅಲುಗಾಟದಿಂದ ನಟ್ಟು ಸಡಿಲವಾಗುತ್ತದೆಂದು ಎಲ್ಲರೂ ಹೇಳುವರು. ಆದರೆ ಎಂತಹ ಅಲುಗಾಟದಿಂದ ಎಂಬುದನ್ನು ೧೯೬೯ರಲ್ಲಿ ಯುಂಕರ್ ಎಂಬ ಜರ್ಮನಿಯ ಇಂಜಿನಿಯರು ಪ್ರಯೋಗದಿಂದ ತೋರಿಸಿಕೊಟ್ಟನು. ಸ್ಟಡ್ಡಿನ ಉದ್ದಕ್ಕೆ ಬೀಳುವ ಎಳೆತಕ್ಕಿಂತಲೂ, ಅದಕ್ಕೆ ಅಡ್ಡಲಾಗಿ ಆಗುವ ಜಾರಾಟವೇ ನಟ್ಟನ್ನು ಬೇಗ ಬಿಚ್ಚುವುದೆಂದು ಅದರಿಂದ ಸಿದ್ಧವಾಯಿತು. ಸುತ್ತಳತೆಯು ಎರಡೂ ಮುಕ್ಕಾಲು ಮೀಟರಿನಷ್ಟಿರುವ ಗಾಲಿಯು ಒಂದು ಕಿಲೋಮೀಟರಿಗೆ ಸುಮಾರು ೩೬೦ ಸುತ್ತು ತಿರುಗುವುದು. ಇಪ್ಪತ್ತು ಕಿಲೋಮೀಟರು ದೂರದ ಕಾರ್ಖಾನೆಗೆ ಏಳು ಸಾವಿರಕ್ಕೆ ಮೇಲ್ಪಟ್ಟು ಸುತ್ತುಗಳು. ಪ್ರತಿ ಸುತ್ತಿನಲ್ಲಿಯೂ ಪ್ರತಿಯೊಂದು ಸ್ಟಡ್ಡು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬರುವುದು. ಡಿಸ್ಕು ಸಡಿಲವಾಗಿದ್ದರೆ ಅಷ್ಟು ಸಲವೂ ಅದು ಅತ್ತಿತ್ತ ಬಾಗುವುದು. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುವುದು ಎಲ್ಲರಿಗೂ ಗೊತ್ತಿರುವ ಉಪಾಯವಷ್ಟೆ. ಸ್ಟಡ್ಡು ಮುರಿಯುವುದೂ ಹಾಗೆಯೇ. ಸಡಿಲವಾದ ಒಂದು ನಟ್ಟಿನ ಭಾರವು ಪಕ್ಕದ ನಟ್ಟಿನ ಮೇಲೆ ಬಿದ್ದು, ಒಂದರ ಹಿಂದೆ ಒಂದರಂತೆ ಎಲ್ಲವೂ ಕೆಡುವುವು.

ಇನ್ನು ಬಿಗಿಯ ವಿಷಯವಾಗಿ ಪ್ರಚಾರದಲ್ಲಿರುವ ಎರಡನೆಯ ತಪ್ಪು ಭಾವನೆಯೇನೆಂದರೆ, ಬಿಗಿ ಹೆಚ್ಚಾದಷ್ಟೂ ಒಳ್ಳೆಯದೆಂಬುದು. ಸ್ಪ್ಯಾನರಿಗೆ ಕೊಳವೆಯನ್ನು ತೊಡಿಸಿ ಅದರ ತುದಿಯಲ್ಲಿ ಆಳನ್ನು ನಿಲ್ಲಿಸುವುದನ್ನು ನಾನು ಅನೇಕ ಕಡೆ ಕಂಡಿರುವೆನು. ಏತ ಹೊಡೆದವರಿಗೆ ಇದರ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ಕೋಲು ಉದ್ದವಾದಷ್ಟೂ ಬಲ ಹೆಚ್ಚು. ಅರ್ಧ ಮೀಟರು ಉದ್ದದ ಸ್ಪ್ಯಾನರಿನ ತುದಿಯನ್ನು ೪೦ ಕಿಲೋಗ್ರಾಂ ತೂಕದಷ್ಟು ಒತ್ತಿದರೆ ನಟ್ಟಿನ ಮೇಲೆ ಬೀಳುವ ತಿರುಚುಬಲವು ೨೦ ಕಿಲೋಗ್ರಾಂ-ಮೀಟರು. ಕಾರ್ಖಾನೆಗಳ ಅಳತೆಯಲ್ಲಿ ಹೇಳುವುದಾದರೆ ೧೯೬ ನ್ಯೂಟನ್ ಮೀಟರು. ೬೦ ಕಿಲೋಗ್ರಾಂ ತೂಗುವ ಆಳು ಒಂದೂಕಾಲು ಮೀಟರಿನ ಕೊಳವೆಯ ತುದಿಯಲ್ಲಿ ನಿಂತರೆ ಅದೇ ನಟ್ಟಿನ ಮೇಲೆ ಬೀಳುವುದು ೭೫ ಕಿಲೋಗ್ರಾಂ-ಮೀಟರು. ಎಂದರೆ ನಾಲ್ಕು ಪಾಲಿಗೆ ಸಮೀಪ. ಮಿತಿಯೊಳಗೆ ಜಗ್ಗಿದ ಉಕ್ಕು ಹಿಂದಕ್ಕೆ ಸೆಳೆಯುವುದು. ಮಿತಿಮೀರಿ ಜಗ್ಗಿದ ಉಕ್ಕು ಹಾಗೆಯೇ ಉದ್ದವಾಗಿ ಉಳಿದು ಸೆಳೆತವನ್ನು ಕಳೆದುಕೊಳ್ಳುವುದು. ಹಳೆಯ ಹಗ್ಗದಂತೆ ಅದು ಹೊರಗೆ ಬಿಗಿಯಾಗಿ ಕಂಡರೂ ಒಳಗೆ ಸತ್ತುಹೋಗಿರುವುದು. ಮುಂದೆ ಯಾವುದೋ ಹಳ್ಳದಲ್ಲಿ ಗಾಲಿ ಬಿದ್ದಾಗ ಅದು ಮುರಿಯುವುದು. ಸಡಿಲವೂ ಅತಿಬಿಗಿಯೂ ಕಡೆಗೆ ಮುಟ್ಟಿಸುವುದು ಒಂದೇ ಊರಿಗೆ.

ಹಾಗಾದರೆ ಸರಿಯಾದ ಬಿಗಿ ಎಷ್ಟು? ಇದಕ್ಕೆ ಎಲ್ಲ ವಾಹನಗಳಿಗೂ ಒಂದೇ ಉತ್ತರವಿಲ್ಲ. ಸಾಧಾರಣವಾದ ಕಾರುಗಳ ನಟ್ಟಿಗೆ ೧೦೦ ನ್ಯೂಟನ್ ಮೀಟರಿನ ಆಸುಪಾಸಿನಲ್ಲಿಯೂ, ದೊಡ್ಡ ಲಾರಿಗಳ ನಟ್ಟಿಗೆ ೬೦೦ಕ್ಕೆ ಮೇಲ್ಪಟ್ಟೂ ಬೇಕಾಗುವುದುಂಟು. ಟ್ರ್ಯಾಕ್ಟರಿನ ಮುಂಗಾಲಿಗೂ ಹಿಂಗಾಲಿಗೂ ಬೇರೆ ಬೇರೆ ಅಳತೆಗಳಿರುವುವು. ಟ್ರ್ಯಾಕ್ಟರಿನೊಂದಿಗೆ ಕೊಡುವ ಕೈಪಿಡಿಯಲ್ಲಿ ಈ ಅಳತೆಯು ಅಚ್ಚಾಗಿರುವುದು. ಆದರೆ ಆ ಕೈಪಿಡಿಯು ಸಾಲದ ಕಾಗದಗಳ ಜೊತೆಯಲ್ಲಿ ಪೆಟ್ಟಿಗೆಯ ತಳವನ್ನು ಸೇರಿರುವುದೇ ಹೆಚ್ಚು. ಯಜಮಾನರು ಈ ದಿನವೇ ಅದನ್ನು ಹೊರಗೆ ತೆಗೆದು, ಅಳತೆಯನ್ನು ಟ್ರ್ಯಾಕ್ಟರಿನ ಮಡ್ಗಾರ್ಡಿನ ಒಳಬದಿಯಲ್ಲಿ ಬಣ್ಣದಿಂದ ಬರೆಯಿಸಿದರೆ ಮಹದುಪಕಾರವಾದೀತು. ಟ್ರೇಲರನ್ನು ಊರಿನ ವರ್ಕ್‌ಶಾಪಿನಲ್ಲಿ ಮಾಡಿಸಿದ್ದು, ಕೈಪಿಡಿಯೇ ಇಲ್ಲದಿದ್ದರೆ, ಅದರ ಅಚ್ಚನ್ನು ತಯಾರಿಸಿದವರಿಂದ ಅಳತೆಯನ್ನು ಕೇಳಿ ಬರೆಯಿಸಿಕೊಳ್ಳತಕ್ಕದ್ದು.

ಅಳತೆ ತಿಳಿದ ಮೇಲೆ ಅದನ್ನು ಅಳೆಯುವ ಸಾಧನ ಬೇಕು. ಟಾರ್ಕ್ ರೆಂಚು ಎಂಬ ಸ್ಪ್ಯಾನರು ಇದಕ್ಕಾಗಿಯೇ ಇರುವುದು. ಬೇಕಾದ ಅಂಕಿಗೆ ಅದನ್ನು ತಿರುಗಿಸಿಟ್ಟು ನಟ್ಟನ್ನು ಬಿಗಿದರೆ, ಆ ಬಿಗಿ ಬಂದೊಡನೆ ಅದು ‘ಟಿಕ್’ ಎಂದು ಸದ್ದು ಮಾಡುವುದು. ಕೂಡಲೇ ಕೈ ಬಿಡಬೇಕು. ಕೈಯಂದಾಜಿನ ಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದವನು ಇದೇಕೆಂದು ನಗಬಹುದು. ಆದರೆ ಅಂತಹವನು ಬಿಗಿದ ನಟ್ಟುಗಳನ್ನು ಈ ರೆಂಚಿನಿಂದ ಪರೀಕ್ಷಿಸಿದಾಗ, ಒಂದೇ ಗಾಲಿಯಲ್ಲಿ ಒಂದು ಬಹಳ ಸಡಿಲವಾಗಿಯೂ ಮತ್ತೊಂದು ಅತಿಬಿಗಿಯಾಗಿಯೂ ಇದ್ದುದನ್ನು ನಾನು ನೋಡಿರುವೆನು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಾವು ಹಾಕುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಟ್ಟಿನ ಮುಖದಲ್ಲಿಯೂ ಥ್ರೆಡ್ಡುಗಳಲ್ಲಿಯೂ ಇರುವ ಘರ್ಷಣೆಗೇ ಖರ್ಚಾಗಿ, ಸುಮಾರು ಒಂದು ಪಾಲು ಮಾತ್ರ ಸ್ಟಡ್ಡನ್ನು ಜಗ್ಗುವುದಕ್ಕೆ ಉಳಿಯುವುದು. ಥ್ರೆಡ್ಡಿನಲ್ಲಿ ತುಕ್ಕೋ ಮಣ್ಣೋ ಇದ್ದರೆ ಆ ಒಂದು ಪಾಲೂ ಉಳಿಯದೆ ನಟ್ಟು ಗಟ್ಟಿಯಾದಂತೆ ಕೈಗೆ ತೋರುವುದು. ಅದಕ್ಕೆಂದು ಎಣ್ಣೆಯನ್ನು ಸವರಿದರೆ ಅದೇ ಬಲಕ್ಕೆ ಸ್ಟಡ್ಡು ಮಿತಿಮೀರಿ ಜಗ್ಗುವುದು. ಆದುದರಿಂದ ಕೈಪಿಡಿಯಲ್ಲಿ ಎಣ್ಣೆ ಹಾಕಬೇಕೆಂದು ಬರೆದಿದ್ದರೆ ಮಾತ್ರ ಹಾಕತಕ್ಕದ್ದು. ಇಲ್ಲವಾದರೆ ಥ್ರೆಡ್ಡನ್ನು ಶುಚಿಯಾಗಿಯೂ ಒಣಗಿದ್ದಾಗಿಯೂ ಇಡತಕ್ಕದ್ದು.

ಗಾಲಿಯನ್ನು ಕೂಡಿಸುವಾಗ ಅನುಸರಿಸಬೇಕಾದ ಕ್ರಮವನ್ನು ಸಂಗ್ರಹವಾಗಿ ಕೆಳಗೆ ಬರೆದಿದೆ. ಮುಖಂಡರು ಇದನ್ನು ಗ್ರಾಮದ ಡ್ರೈವರುಗಳಿಗೆ ಓದಿ ಹೇಳಬೇಕಾಗಿ ಕೋರುತ್ತೇನೆ.

(೧) ಹೇರನ್ನು ಇಳಿಸಿ, ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಗಟ್ಟಿಯಾದ ಹಲಗೆಯ ಮೇಲೆ ಜಾಕನ್ನು ನಿಲ್ಲಿಸತಕ್ಕದ್ದು. ಜಾಕನ್ನು ಮಾತ್ರ ನಂಬಿ ಯಾರೂ ಕೆಳಗೆ ತೂರಕೂಡದು.

(೨) ಹಬ್ಬಿನ ಮುಖ, ಡಿಸ್ಕಿನ ಹಿಂಬದಿ, ಸ್ಟಡ್ಡಿನ ಥ್ರೆಡ್ಡು ಇವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಮಣ್ಣು, ತುಕ್ಕು, ದಪ್ಪ ಬಣ್ಣಗಳನ್ನು ತೆಗೆಯತಕ್ಕದ್ದು. ಇವು ನಡುವೆ ಉಳಿದರೆ ದಾರಿಯಲ್ಲಿ ಪುಡಿಯಾಗಿ ಉದುರಿ ನಟ್ಟು ತಾನಾಗಿಯೇ ಸಡಿಲವಾಗುವುದು.

(೩) ಡಿಸ್ಕಿನಲ್ಲಿ ಬಿರುಕಿದ್ದರೆ ಅಥವಾ ರಂಧ್ರವು ಉದ್ದವಾಗಿದ್ದರೆ ಅದನ್ನು ತ್ಯಜಿಸತಕ್ಕದ್ದು. ಬೆಸುಗೆ ಹಾಕಿಸಿ ಉಪಯೋಗಿಸುವುದು ಅಪಾಯಕರ. ಒಂದು ಸ್ಟಡ್ಡು ಮುರಿದಿದ್ದರೆ ಅದರ ಎರಡು ಪಕ್ಕದವನ್ನೂ ಬದಲಾಯಿಸುವುದು ಲೇಸು. ಎರಡು ಮುರಿದಿದ್ದರೆ ಆ ಗಾಲಿಯ ಎಲ್ಲವನ್ನೂ ಬದಲಾಯಿಸುವುದು ಲೇಸು.

(೪) ನಟ್ಟಿನ ಒಂದು ಬದಿ ಇಳಿಜಾರಾಗಿದ್ದರೆ ಆ ಬದಿಯು ಡಿಸ್ಕಿನ ಕಡೆಗೆ ಇರತಕ್ಕದ್ದು. ತಿರುವುಮುರುವಾಗಿ ಹಾಕಿದ ನಟ್ಟು ಎಷ್ಟು ಬಿಗಿದರೂ ಹಿಡಿಯದು. ಬೇರೆ ವಾಹನದ ನಟ್ಟನ್ನು ತಂದು ಹಾಕಕೂಡದು.

(೫) ಎಲ್ಲ ನಟ್ಟುಗಳನ್ನೂ ಮೊದಲು ಕೈಬೆರಳಿನಿಂದಲೇ ತಿರುಗಿಸತಕ್ಕದ್ದು. ಬೆರಳಿನಿಂದ ತಿರುಗದ ನಟ್ಟಿನ ಥ್ರೆಡ್ಡು ಕೆಟ್ಟಿದೆಯೆಂದು ತಿಳಿಯಬೇಕು. ಕೆಲವು ಹಳೆಯ ವಾಹನಗಳಲ್ಲಿ ಎಡಗಡೆಯ ಗಾಲಿಗಳಿಗೆ ಎಡತಿರುಪಿನ ಥ್ರೆಡ್ಡು ಇರುವುದುಂಟು. ಅಲ್ಲಿ ಬಿಗಿಯುವ ದಿಕ್ಕು ಬೇರೆ ಎಂಬುದನ್ನು ಮರೆಯಕೂಡದು.

(೬) ಗಾಲಿಯು ಮೇಲಿರುವಾಗಲೇ ಸ್ಪ್ಯಾನರಿನಿಂದ ಸಾಧಾರಣವಾಗಿ ಬಿಗಿದು, ಅನಂತರ ಅದನ್ನು ನೆಲಕ್ಕೆ ತಾಗಿಸಿ, ಕಡೆಯ ಬಿಗಿಯನ್ನು ಎರಡು ಮೂರು ಸುತ್ತಿನಲ್ಲಿ ಕೊಡತಕ್ಕದ್ದು. ಪಕ್ಕಪಕ್ಕದ ನಟ್ಟುಗಳನ್ನು ಸಾಲಾಗಿ ಬಿಗಿದರೆ ಡಿಸ್ಕು ಒಂದು ಮಗ್ಗುಲಿಗೆ ಓರೆಯಾಗಿ ಕೂರುವುದು, ಎದುರುಬದುರಾಗಿ ಬಿಗಿಯತಕ್ಕದ್ದು. ನಟ್ಟುಗಳನ್ನು ಸುತ್ತಲೂ ಎಣಿಸಿದರೆ, ಐದು ಇದ್ದಲ್ಲಿ ೧, ೩, ೫, ೨, ೪ ಎಂದೂ, ಆರು ಇದ್ದಲ್ಲಿ ೧, ೪, ೨, ೫, ೩, ೬ ಎಂದೂ, ಎಂಟು ಇದ್ದಲ್ಲಿ ೧, ೫, ೩, ೭, ೨, ೬, ೪, ೮ ಎಂದೂ ಕ್ರಮವು.

(೭) ಸ್ವಲ್ಪ ದೂರ ನಡೆದ ಮೇಲೆ ಅದೇ ದಿನ ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ಪರೀಕ್ಷಿಸತಕ್ಕದ್ದು. ಬಳಿಕ ಒಂದು ವಾರ ದಿನಕ್ಕೊಮ್ಮೆ ನೋಡತಕ್ಕದ್ದು. ಕೈಪಿಡಿಯಲ್ಲಿ ಬೇರೆ ಅವಧಿಯನ್ನು ಹೇಳಿದ್ದರೆ ಅದರಂತೆ ನಡೆಯತಕ್ಕದ್ದು.

ಈ ಏಳರಲ್ಲಿ ನಾವು ಹೆಚ್ಚಾಗಿ ಬಿಟ್ಟುಬಿಡುವುದು ಏಳನೆಯದನ್ನು. ಒಮ್ಮೆ ಸರಿಯಾಗಿ ಬಿಗಿದುದನ್ನು ಮತ್ತೆ ಏಕೆ ನೋಡಬೇಕೆಂದು ಕೇಳುವವರಿರುವರು. ಹೇರು ಕಟ್ಟಿದ ಗಾಡಿಯು ಒಂದು ಹರದಾರಿ ನಡೆದ ಮೇಲೆ ಹುಲ್ಲು ಕುಸಿದು ಹಗ್ಗವು ಜೋಲುವುದೆಂದೂ, ಆಗ ಗಾಡಿಯನ್ನು ನಿಲ್ಲಿಸಿ ಹಗ್ಗವನ್ನು ಮತ್ತೆ ಬಿಗಿಯಬೇಕೆಂದೂ ಇವರಿಗೆ ಚೆನ್ನಾಗಿ ಗೊತ್ತು. ಹಗ್ಗ ಕಟ್ಟಿದವನಿಗೆ ಕಟ್ಟಲು ಬಾರದೆಂದು ಇದಕ್ಕೆ ಅರ್ಥವಲ್ಲ. ಹೇರು ತನ್ನ ನೆಲೆಯಲ್ಲಿ ಕೂತಿತೆಂದು ಅರ್ಥ. ಕಬ್ಬಿಣಕ್ಕೂ ಹೀಗೆಯೇ. ಕಣ್ಣಿಗೆ ನುಣುಪಾಗಿ ಕಾಣುವ ಲೋಹದ ಮುಖದಲ್ಲಿಯೂ ಸಣ್ಣ ಏರುತಗ್ಗುಗಳಿದ್ದು, ಭಾರ ಬಿದ್ದಾಗ ಅವು ಚಪ್ಪಟೆಯಾಗುವುವು. ಹಾಗೆ ಕುಸಿದಷ್ಟು ಸ್ಟಡ್ಡಿನ ಜಗ್ಗು ಕಡಿಮೆಯಾಗುವುದು. ಸ್ಟಡ್ಡು ಜಗ್ಗಿರುವುದೇ ಕೂದಲೆಳೆಯಷ್ಟಾದ ಕಾರಣ, ಅಲ್ಪ ಕುಸಿತದಿಂದಲೂ ದೊಡ್ಡ ನಷ್ಟವಾಗುವುದು. ಸ್ಪ್ರಿಂಗ್ ವಾಷರನ್ನು ಹಾಕಿದರೆ ಸಾಕೆಂಬ ಮಾತೂ ನಂಬಲರ್ಹವಲ್ಲ. ಅಡ್ಡ ಜಾರಾಟದ ಪರೀಕ್ಷೆಯಲ್ಲಿ ಅದು ನಟ್ಟನ್ನು ಹಿಡಿದು ನಿಲ್ಲಿಸಲಾರದೆಂದು ಕಂಡುಬಂದಿದೆ. ಸರಿಯಾದ ಬಿಗಿಗೂ ಮರುಪರೀಕ್ಷೆಗೂ ಬದಲಿಯಾಗಿ ನಿಲ್ಲಬಲ್ಲ ಅಗ್ಗದ ಉಪಾಯ ಯಾವುದೂ ಇಲ್ಲ.

ದಿನವೂ ರೆಂಚು ಹಿಡಿಯಬೇಕೆಂದೂ ನಾನು ಹೇಳುವುದಿಲ್ಲ. ನೋಡಬಲ್ಲ ಕಣ್ಣಿಗೆ ಗಾಲಿಯೇ ತನ್ನ ಸ್ಥಿತಿಯನ್ನು ಹೇಳುವುದು. ನಟ್ಟಿನ ಬುಡದಿಂದ ಕೆಂಪು ತುಕ್ಕಿನ ಗೆರೆಗಳು ಹೊರಗೆ ಹರಡಿದ್ದರೆ, ನಟ್ಟಿನ ಸುತ್ತ ಬಣ್ಣ ಉಜ್ಜಿಹೋಗಿ ಲೋಹ ಹೊಳೆಯುತ್ತಿದ್ದರೆ, ನಡೆಯುವಾಗ ಗಾಲಿಯ ಬಳಿ ಟಕಟಕ ಸದ್ದಾದರೆ, ಗಾಲಿ ತೂಗಾಡುವಂತೆ ತೋರಿದರೆ, ಆ ವಾಹನವನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು. ಕಡೆಯ ಬಿಗಿ ಕೊಟ್ಟ ಬಳಿಕ ನಟ್ಟಿನಿಂದ ಡಿಸ್ಕಿನ ಮೇಲಕ್ಕೆ ಬಿಳಿಯ ಬಣ್ಣದಿಂದ ಒಂದು ಗೆರೆಯನ್ನು ಎಳೆದರೆ, ನಟ್ಟು ತಿರುಗಿದೊಡನೆ ಗೆರೆಯು ಮುರಿದು ಕಾಣುವುದು. ಓದು ಬಾರದವನೂ ಬೆಳಿಗ್ಗೆ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಮಾಡಿ ಇದನ್ನು ತಿಳಿಯಬಲ್ಲನು. ಆದರೆ ಗೆರೆ ಮುರಿಯದಿದ್ದರೂ ಜಗ್ಗು ಕಡಿಮೆಯಾಗಿರಬಹುದಾದ್ದರಿಂದ ಗೆರೆಯು ರೆಂಚಿಗೆ ಬದಲಾಗಲಾರದು.

ಈಗ ಹೊಣೆಯ ವಿಷಯಕ್ಕೆ ಬರುವೆನು. ಪಂಕ್ಚರ್ ಅಂಗಡಿಯವನು ಗಾಳಿಯ ಗನ್ನಿನಿಂದ ಬಡಿದು ಬಿಗಿದನೆಂದೂ, ಡ್ರೈವರನು ನೋಡಲಿಲ್ಲವೆಂದೂ ದೂರುವುದು ಸುಲಭ. ಆದರೆ ಆ ಡ್ರೈವರನಿಗೆ ಸರಿಯಾದ ಸ್ಪ್ಯಾನರನ್ನು ಕೊಟ್ಟವರು ಯಾರು? ಮಧ್ಯದಾರಿಯಲ್ಲಿ ಕಾಲುಗಂಟೆ ನಿಲ್ಲಲು ಅವನಿಗೆ ಅನುಮತಿ ಕೊಟ್ಟವರು ಯಾರು? ಹೊಸ ಸ್ಟಡ್ಡಿಗೆ ಹಣ ಕೇಳಿದಾಗ “ಈ ಸೀಸನ್ ಕಳೆಯಲಿ” ಎಂದವರು ಯಾರು? ಸಂಬಳಕ್ಕೆ ದುಡಿಯುವವನು ಯಜಮಾನನ ಅವಸರವನ್ನು ಮೀರಿ ನಡೆಯಲಾರನು. ನಮ್ಮ ದೇಶದ ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೯೦ನೆಯ ಪ್ರಕರಣವೂ ದೋಷಯುಕ್ತ ವಾಹನವನ್ನು ನಡೆಯಿಸುವವನನ್ನು ಮಾತ್ರ ಹೆಸರಿಸುವುದಿಲ್ಲ. ನಡೆಯಿಸಲು ಬಿಡುವವನನ್ನೂ ಹೆಸರಿಸುವುದು. ದೋಷವು ತನಗೆ ತಿಳಿದಿದ್ದರೆ ಮಾತ್ರವಲ್ಲ, ಸಾಧಾರಣವಾದ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದರೂ ಹೊಣೆಯುಂಟು.

ಕೆನಡಾ ದೇಶದ ಆಂಟೇರಿಯೋ ಪ್ರಾಂತದವರು ಇದರಲ್ಲಿ ಇನ್ನೂ ಮುಂದೆ ಹೋಗಿರುವರು. ೧೯೯೦ರ ದಶಕದಲ್ಲಿ ಲಾರಿಗಳಿಂದ ಕಳಚಿದ ಗಾಲಿಗಳು ಇದಿರು ಬರುತ್ತಿದ್ದ ಕಾರುಗಳಿಗೆ ಬಡಿದು ಜನರು ಸತ್ತ ಬಳಿಕ, ೧೯೯೭ರಲ್ಲಿ ಅಲ್ಲಿ ಒಂದು ಕಾನೂನಾಯಿತು. ಬಾಡಿಗೆಯ ಮತ್ತು ವ್ಯಾಪಾರದ ವಾಹನದಿಂದಾಗಲಿ ಅದು ಎಳೆಯುವ ಟ್ರೇಲರಿನಿಂದಾಗಲಿ ರಸ್ತೆಯಲ್ಲಿ ಗಾಲಿಯು ಕಳಚಿದರೆ, ಆ ವಾಹನವನ್ನು ಓಡಿಸುವ ಸಂಸ್ಥೆಯು ತಪ್ಪಿತಸ್ಥವೆಂದೇ ಎಣಿಸಲ್ಪಡುವುದು. ತಾನು ತಕ್ಕ ಎಚ್ಚರಿಕೆ ವಹಿಸಿದ್ದೆನೆಂಬ ವಾದವನ್ನು ಅಲ್ಲಿ ಅಂಗೀಕರಿಸುವುದಿಲ್ಲ. ದಂಡವು ೨,೦೦೦ ಡಾಲರಿನಿಂದ ೫೦,೦೦೦ ಡಾಲರಿನವರೆಗೆ. ಅಷ್ಟು ಕಠಿಣವಾದ ಕಾನೂನು ನಮಗೆ ಬೇಕೆಂದು ನಾನು ವಾದಿಸುವುದಿಲ್ಲ. ಒಂದೆರಡು ಎಕರೆಯ ಒಡೆಯನಾದ ಬಡ ರೈತನನ್ನು ದೊಡ್ಡ ಲಾರಿ ಸಂಸ್ಥೆಯೊಂದಿಗೆ ಸಮನಾಗಿ ನೋಡುವುದು ನ್ಯಾಯವಲ್ಲ. ಆದರೆ ಕಳಚಿದ ಗಾಲಿಯು ದೈವದ ಆಟವಲ್ಲ, ಯಾರೋ ನೋಡದೆ ಬಿಟ್ಟುದರ ಫಲವೆಂಬ ಆ ಕಾನೂನಿನ ಮೂಲಭಾವನೆಯನ್ನು ನಾವು ಸ್ವೀಕರಿಸುವುದು ಯೋಗ್ಯವಾಗಿದೆ.

ಅರೆಯುವ ಕಾಲದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪಣೆಗೆ ಉತ್ತರವಿಷ್ಟೆ. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಸ್ಥಾಪಿತವಾದ ಬಳಿಕ, ಕಬ್ಬಿನ ಗಾಡಿಗಳ ಸಾಲು ಕಾರ್ಖಾನೆಯ ಬಾಗಿಲಲ್ಲಿ ರಾತ್ರಿಯೆಲ್ಲ ನಿಲ್ಲುತ್ತಿದ್ದುದನ್ನು ಹಿರಿಯರು ಹೇಳುವರು. ಅವರಿಗೂ ಅವಸರವಿದ್ದಿತು, ಆದರೂ ಅವರು ಕಡಾಣಿಯನ್ನು ನೋಡುತ್ತಿದ್ದರು. ಅವರ ಗಾಡಿ ಮನುಷ್ಯನ ನಡಿಗೆಯ ವೇಗದಲ್ಲಿ ಹೋಗುತ್ತಿದ್ದಿತು. ನಮ್ಮ ಟ್ರೇಲರು ಅದಕ್ಕಿಂತ ಎಷ್ಟೋ ಪಾಲು ವೇಗವಾಗಿ, ಎಷ್ಟೋ ಪಾಲು ಹೆಚ್ಚು ಭಾರವನ್ನು ಹೊತ್ತು, ಶಾಲೆಯ ಮಕ್ಕಳೂ ಬೈಸಿಕಲ್ಲಿನವರೂ ಓಡಾಡುವ ರಸ್ತೆಯಲ್ಲಿ ಹೋಗುವುದು. ಅಪಾಯವು ಹೆಚ್ಚಿರುವಾಗ ಎಚ್ಚರಿಕೆಯು ಕಡಿಮೆಯಾಗುವುದು ಯಾವ ನ್ಯಾಯ? ಎಲ್ಲ ಗಾಲಿಗಳನ್ನು ರೆಂಚಿನಿಂದ ಪರೀಕ್ಷಿಸಲು ಪಳಗಿದವನಿಗೆ ಕಾಲುಗಂಟೆ ಸಾಕು. ಕಾರ್ಖಾನೆಯ ಸರದಿಯಲ್ಲಿ ಕಾಯುವ ಹೊತ್ತಿನಲ್ಲಿ ಇದನ್ನು ಅನೇಕ ಬಾರಿ ಮಾಡಿ ಮುಗಿಸಬಹುದು.

ಖರ್ಚಿನ ವಿಷಯವಾಗಿ ಒಂದು ಸಲಹೆಯುಂಟು. ಪ್ರತಿಯೊಬ್ಬ ರೈತನೂ ಟಾರ್ಕ್ ರೆಂಚನ್ನು ಕೊಳ್ಳಬೇಕಾಗಿಲ್ಲ. ಗ್ರಾಮಕ್ಕೆ ಒಂದು ಸಾಕು. ಕೃಷಿ ಪತ್ತಿನ ಸಹಕಾರ ಸಂಘವಾಗಲಿ, ಹಾಲು ಉತ್ಪಾದಕರ ಸಂಘವಾಗಲಿ, ನಾಲ್ಕಾರು ಟ್ರ್ಯಾಕ್ಟರಿನ ಯಜಮಾನರು ಕೂಡಿಕೊಂಡಾಗಲಿ ಒಂದನ್ನು ಕೊಂಡು, ನಂಬಿಕಸ್ಥನೊಬ್ಬನ ವಶದಲ್ಲಿಟ್ಟು, ಬೇಕಾದವರಿಗೆ ಬರೆದುಕೊಂಡು ಕೊಡಬಹುದು. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿಯೂ ಇದನ್ನು ಇಡಬೇಕೆಂದು ರೈತರು ಕೇಳುವುದು ಉಚಿತ. ಕೊಳ್ಳುವಾಗ ತಮ್ಮ ವಾಹನಗಳಿಗೆ ಬೇಕಾದ ಅಳತೆಯು ಅದರ ಅಂಕಿಗಳ ನಡುವೆ ಬರುವುದೇ ಎಂದು ನೋಡತಕ್ಕದ್ದು. ನಟ್ಟು ಬಿಚ್ಚುವುದಕ್ಕೆ ಅದನ್ನು ಉಪಯೋಗಿಸಕೂಡದು. ಕೆಲಸವಾದ ಮೇಲೆ ಅತ್ಯಂತ ಕಡಿಮೆ ಅಂಕಿಗೆ ತಿರುಗಿಸಿ ಪೆಟ್ಟಿಗೆಯಲ್ಲಿಡತಕ್ಕದ್ದು. ವರ್ಷಕ್ಕೊಮ್ಮೆ ಅದರ ಅಳತೆಯನ್ನು ಸರಿನೋಡಿಸುವುದು ಒಳ್ಳೆಯದು. ತಕ್ಕಡಿಯನ್ನು ಹೇಗೆ ಕಾಪಾಡುವೆವೋ ಹಾಗೆ ಇದನ್ನೂ ಕಾಪಾಡಬೇಕು.

ಗ್ರಾಮದ ಮುಖಂಡರಲ್ಲಿ ನನ್ನ ಬಿನ್ನಹವಿದು. ಅರೆಯುವ ಕಾಲ ಪ್ರಾರಂಭವಾಗುವುದಕ್ಕೆ ಮೊದಲು ಒಂದು ದಿನವನ್ನು ಗೊತ್ತುಮಾಡಿ, ಊರಿನ ಎಲ್ಲ ಟ್ರ್ಯಾಕ್ಟರು, ಟ್ರೇಲರು, ಟೈರುಗಾಡಿಗಳನ್ನು ಒಂದು ಮೈದಾನಕ್ಕೆ ತರಿಸಿ, ಡ್ರೈವರುಗಳ ಜೊತೆಯಲ್ಲಿ ಯಜಮಾನರೂ ನಿಂತು ಗಾಲಿಗಳನ್ನು ಪರೀಕ್ಷಿಸಬೇಕು. ಆಯುಧಪೂಜೆಯ ದಿನ ನಾವು ಟ್ರ್ಯಾಕ್ಟರನ್ನು ತೊಳೆದು, ಹೂವಿನಿಂದ ಅಲಂಕರಿಸಿ, ಗಾಲಿಯ ಕೆಳಗೆ ನಿಂಬೆಯ ಹಣ್ಣನ್ನಿಟ್ಟು ಪೂಜಿಸುವೆವು. ಹಾಗೆ ತೊಳೆಯುವಾಗಲೇ ನಟ್ಟುಗಳನ್ನೂ ಬಿಚ್ಚಿ, ಉಜ್ಜಿ, ಅಳತೆಗೆ ಸರಿಯಾಗಿ ಬಿಗಿದರೆ ಪೂಜೆಗೆ ಕೊರತೆಯೇನೂ ಬಾರದು. ಡ್ರೈವರನು “ಗಾಲಿ ನೋಡಬೇಕು, ನಿಲ್ಲಿಸುತ್ತೇನೆ” ಎಂದಾಗ ಯಜಮಾನನು ಗದರಿಸಕೂಡದೆಂಬ ಒಂದು ಕಟ್ಟುಪಾಡನ್ನು ಊರವರು ಮಾಡಿಕೊಂಡರೆ ಅದು ಮಿಕ್ಕ ಎಲ್ಲಕ್ಕಿಂತಲೂ ಹೆಚ್ಚಿನ ಪ್ರಯೋಜನವನ್ನು ಕೊಡುವುದು.

ಆ ಅಂಗಳದ ಹಸುವಿಗೆ ಪರಿಹಾರವಾಗಿ ಯಜಮಾನನು ಹಣವನ್ನು ಕೊಟ್ಟನು. ಬೇರೊಂದು ಹಸು ಬಂದಿತು. ಕೆಲಸ ಕಳೆದುಕೊಂಡ ಡ್ರೈವರನು ಬೇರೆ ಊರಿಗೆ ಹೋದನು. ಆ ಹುಡುಗನು ಈಗ ಹೈಸ್ಕೂಲಿನಲ್ಲಿ ಓದುತ್ತಿರುವನು. ಸರ್ಕೀಟಿನಲ್ಲಿ ಆ ದಾರಿ ಹಿಡಿದಾಗಲೆಲ್ಲ ನಾನು ಅವನನ್ನು ನೋಡಿ ಬರುವೆನು. ಅಜ್ಜಿಯು ದೀಪಕ್ಕೆ ಕರೆಯುವುದು ಒಂದು ನಿಮಿಷ ತಡವಾಗಿದ್ದರೆ ಯಾವ ಯಜಮಾ­ನನು ಎಷ್ಟು ಹಣವನ್ನು ಕೊಟ್ಟು ಆ ನಷ್ಟವನ್ನು ತುಂಬಬಹುದಾಗಿತ್ತು? ಆದುದರಿಂದ ಓದುಗರು ನಾಳೆಯ ಬೆಳಿಗ್ಗೆ ತಮ್ಮ ವಾಹನವು ಊರನ್ನು ಬಿಡುವ ಮೊದಲು, ತಮ್ಮ ತಾತಂದಿರು ಕಡಾಣಿಯ ಬಳಿ ಬಗ್ಗಿದಂತೆ, ಒಂದು ಬಾರಿ ಗಾಲಿಯ ಬಳಿ ಬಗ್ಗಿ ನೋಡಬೇಕೆಂದು ಕೈಮುಗಿದು ಬೇಡುತ್ತೇನೆ.